ಹನ್ನೊಂದನೆಯ ತೂತು

ಟಿಫಿನ್ ಡಬ್ಬಿಯಲ್ಲಿ ವಾಪಸು ಬಂತು,
ಹತ್ತಿಯಲ್ಲಿ ಸುತ್ತಿ, ಹಸುಗೂಸಿನ ಹಾಗೆ.
ಬಿಚ್ಚಿದರೆ ನಾನೇ ಕೊರೆದ ಕಡ್ಡಿ:
ಗ್ರಾಫೈಟು, ಆರು ಮುಖ, ಗೇಣುದ್ದ, ಹತ್ತೊಂಬತ್ತು ತೂತು.
ಹೋಗುವಾಗ ಮುನ್ನೂರು ಗ್ರಾಂ ಇತ್ತು.
ಈಗ ತಕ್ಕಡಿ ಇನ್ನೂರ ಎಂಬತ್ತೇಳು ಅನ್ನುತ್ತದೆ.

‘ಹೈಡ್ರೋಜನ್ ತಿಂದಿತು’ ಅಂದರು ಫೋನಿನಲ್ಲಿ ನಳಿನಾಕ್ಷಿ ಮೇಡಂ.
ಯುರೇನಿಯಂ ಇರಲಿಲ್ಲ, ಬರೀ ಕರೆಂಟಿನ ಕಾವು.
ಬಲೂನಿಗೆ ತುಂಬುವಷ್ಟು ಹಗುರದ ಅನಿಲ,
ಎರಡು ಸಾವಿರದ ನಾನೂರು ಡಿಗ್ರಿಗೆ ಏರಿಸಿದರೆ
ಹಲ್ಲು ಮೂಡುತ್ತದಂತೆ.

ತೂತಿನೊಳಗೆ ಬಳಿದ ಕಾರ್ಬೈಡಿಗೆ ಹಿಗ್ಗುವ ಅವಸರ.
ಗ್ರಾಫೈಟಿಗೆ ಇಲ್ಲ.
ಆರುವಾಗ ಇಬ್ಬರ ಜಗಳ ಬಿರುಕಾಗಿ ನಿಲ್ಲುತ್ತದೆ,
ಕೂದಲೆಳೆಯಷ್ಟು. ಕಳ್ಳನಿಗೆ ಅಷ್ಟು ಸಾಕು.

ನಮ್ಮ ಶೆಡ್ಡಿನಲ್ಲಿ
ಸೆಂಗೋಡನ್ ಸೂಡು ಅನ್ನುತ್ತಾನೆ, ನಾಗಮುನಿ ವೇಡಿ,
ತಳಿಯ ಕಡೆಯ ನಾನು ಕಾವು.
ಬೆರಳು ಸುಟ್ಟಾಗ ಮೂವರೂ ಒಂದೇ ಸದ್ದು ಮಾಡುತ್ತೇವೆ.

ಹೊರಗೆ ಹೊಸೂರಿನ ಗುಲಾಬಿ ಲಾರಿ, ಒಳಗೆ ನಾಲ್ಕು ಡಿಗ್ರಿ ಚಳಿ.
ವಿಮಾನ ಹತ್ತುವ ತನಕ ಹೂವನ್ನೇ
ಬಾಡದಂತೆ ಇಡಲು ಒದ್ದಾಡುತ್ತೇವೆ;
ಇವರು ಸೊನ್ನೆಗಿಂತ ಇನ್ನೂರೈವತ್ತು ಕೆಳಗಿರುವ ದ್ರವವನ್ನು
ಮಂಗಳದ ತನಕ, ತಿಂಗಳುಗಟ್ಟಲೆ,
ಆವಿಯಾಗಬೇಡವೆಂದು ಪುಸಲಾಯಿಸಬೇಕು.
ಮಗ್ಗುಲಲ್ಲೇ ಒಲೆ.

ಆ ಒಲೆಯೂ ಎಂಥದ್ದು!
ಆರಿಸಿದರೆ ಆರುವುದಿಲ್ಲ.
ಎಂಜಿನ್ ನಿಂತ ಮೇಲೂ ಗಂಟೆಗಟ್ಟಲೆ, ದಿನಗಟ್ಟಲೆ
ಒಳಗೇ ಕುದಿಯುತ್ತದೆ, ಹಳೇ ಮಾತು ನೆನೆಯುವವರಂತೆ.
ಬೀಸೋಣವೆಂದರೆ ಅಲ್ಲಿ ಗಾಳಿಯಿಲ್ಲ.
ದಾರಿಗೆಂದು ಇಟ್ಟ ಹೈಡ್ರೋಜನ್ನನ್ನೇ
ಸ್ವಲ್ಪ ಸ್ವಲ್ಪ ಸುರಿದು ಸಮಾಧಾನ ಮಾಡಬೇಕು.

‘ಮತ್ತೆ, ಜನ ಎಲ್ಲಿರ್ತಾರೆ ಮೇಡಂ?’
‘ನೆರಳಲ್ಲಿ.’
ಒಲೆಗೂ ಕೋಣೆಗೂ ನಡುವೆ ಒಂದು ದಪ್ಪ ತಟ್ಟೆಯಂತೆ;
ಅದರ ಮರೆ ಬೀಳುವಷ್ಟೇ ಅವರ ಊರು.
ಊರಿಡೀ ಮುಚ್ಚುವ ತಟ್ಟೆ ಹೊತ್ತರೆ ಹಡಗು ಏಳುವುದೇ ಇಲ್ಲ.
‘ನೆರಳಿನ ಗೆರೆ ದಾಟಿದರೆ...’
ಅಂದವರು ಮುಂದಿನ ಕಡ್ಡಿಯ ಅಳತೆ ಹೇಳತೊಡಗಿದರು.

ಇದು ಆ ಮುಂದಿನ ಕಡ್ಡಿ. ರಾತ್ರಿ ಪಾಳಿ, ಒಂದೂಮುಕ್ಕಾಲು.
ಮೂಗಿನಲ್ಲಿ ಕಪ್ಪು ಪುಡಿ, ಟೀಯಲ್ಲೂ.
ಹತ್ತು ತೂತು ನೆಟ್ಟಗೆ ಬಂದವು.
ಹನ್ನೊಂದನೆಯದು ಹನ್ನೆರಡು ಮೈಕ್ರಾನ್ ಓರೆ.
ಹತ್ತರವರೆಗೆ ಬಿಡಬಹುದು ಅನ್ನುತ್ತದೆ ಡ್ರಾಯಿಂಗು.

‘ಯಾರು ನೋಡ್ತಾರೆ, ಹನ್ನೆರಡೂ ಹತ್ತೇ’
ಅಂದ ಸೆಂಗೋಡನ್, ಒಳ್ಳೆಯವನೇ,
ಬೆಳಗಿನ ಡಿಸ್ಪ್ಯಾಚಿಗೆ ಅವನೇ ಜವಾಬ್ದಾರ.
ನಾನೂ ಸರಿ ಅಂದೆ.
ಉಳಿದ ಎಂಟೂ ಕೊರೆದೆ.

ಮಷೀನು ನಿಲ್ಲಿಸಿ ಸ್ಪಿಂಡಲ್ ಮೇಲೆ ಅಂಗೈ ಇಟ್ಟರೆ
ಇನ್ನೂ ಬೆಚ್ಚಗಿತ್ತು.
ತೆಗೆಯಲಾಗಲಿಲ್ಲ ಕೈ.
ಯಾರೋ ನೆರಳಲ್ಲಿ ಕೂತು ಊಟ ಮಾಡುತ್ತಿದ್ದಾರೆ,
ಚಮಚ ತೇಲಿ ಗೆರೆಯತ್ತ ಹೋಗುತ್ತಿದೆ,
ಹಿಡಿಯಲು ಕೈ ಚಾಚಿದ್ದಾರೆ.

ತಪಾಸಣೆ ಹಾಳೆಯಲ್ಲಿ ಕನ್ನಡಕ್ಕೆ ಜಾಗವಿಲ್ಲ.
ಅಂಚಿನಲ್ಲಿ ಬರೆದೆ, ನಳಿನಾಕ್ಷಿ ಓದಬಲ್ಲರು:
೧೧ ಓರೆ. ಹನ್ನೆರಡು. ಇದನ್ನು ಬಿಡಬೇಡಿ.
ಕೆಳಗೆ ಹೆಸರು, ಗುರುಬಸಯ್ಯ.
ಹೊಸ ಕಡ್ಡಿಯೊಂದನ್ನು ಬಿಗಿದು
ಒಂದರಿಂದ ಶುರುಮಾಡಿದೆ.