ಎರಡು ಕೊಂಡಿ

ಮುಧೋಳ ದಾಟಿದ ಮ್ಯಾಲ ಕನ್ನಡಿಯೊಳಗ ನೋಡಿದ್ದೆ:
ಹಿಂದಿನ ಟ್ರಾಲಿ ಬುಡಕ
ಸುರುಸುರುಬತ್ತಿ ಹಚ್ಚಿಧಂಗ ಕಿಡಿ.
ಮಡಗಾರ್ಡಿನ ಮ್ಯಾಲ ಕುಂತ ಹುಡುಗ
ಚೆಂದ ಕಾಣತೈತಿ ಅಂದ.
ನಾನೂ ಹೌದಂದೆ,
ಹಾಡಿನ ದನಿ ಏರಿಸಿದೆ.

ಫ್ಯಾಕ್ಟರಿ ಮುಂದ ಎರಡು ದಿನ ಪಾಳಿ,
ಕಬ್ಬು ಇಳಿಸಿ ತಿರುಗಿ ಬರೂವಾಗ
ರಸ್ತೆ ಬಾಜೂ ಅರ್ಧ ಮೈಲು ಕರ್ರಗ.
ಮೈಲಿಗಲ್ಲಿನ ಮ್ಯಾಲಿನ ಊರ ಹೆಸರ
ಹೊಗಿ ತಿಂದಿತ್ತು.
ಒಬ್ಬಾಕಿ ಕೋಲಿನಿಂದ ಬೂದಿ ಕೆದರತಿದ್ದಳು.
ಏನ ಹುಡುಕತೀಯವ್ವಾ, ಅಂದೆ.
"ಪೈಪೆಲ್ಲಾ ಕರಗ್ಯಾವ.
ಹಿತ್ತಾಳಿ ವಾಲ್ವರ ಸಿಗತೈತೇನು ನೋಡಾಕತ್ತೀನಿ.
ಯಾವನೋ ಬೀಡಿ ಒಗದ ಹೋಗ್ಯಾನ."

ನಾ ಬೀಡಿ ಸೇದೂದಿಲ್ಲ.
ಅಷ್ಟೂ ಹೇಳಲಿಲ್ಲ.

ಲೋಕಾಪುರದಾಗ ವೆಲ್ಡಿಂಗ್ ಮೀರಾಸಾಬ
ಜೋತ ಸರಪಳಿ ಅಂಗೈಯಾಗ ಹಿಡದ ತೋರಿಸಿದ:
ನೆಲಕ್ಕ ತಿಕ್ಕಿ ತಿಕ್ಕಿ ಕಡೀ ಕೊಂಡಿ ಅರ್ಧಚಂದ್ರ,
ಬೆಳ್ಳಿ ಕಾಲುಂಗರಧಂಗ ಹೊಳಪು.
"ಪಿನ್ನು ಮುರದ್ರ ಟ್ರಾಲಿ ಹಿಡೀಲಿ ಅಂತ ಇದು,
ರಸ್ತೆ ನೆಕ್ಕಲಿ ಅಂತಲ್ಲೋ ಯಲಗೂರಾ."
ಮೊದಲ ಒಂದ ತಂಬಿಗಿ ನೀರ ನೆಲಕ್ಕ ಚೆಲ್ಲಿದ,
ಆಮ್ಯಾಲ ಎರಡು ಕೊಂಡಿ ಕೊಯ್ದ.
ಎರಡೂ ಸರಪಳಿ ಹುಕ್ಕಿನ ಕೆಳಗ ಕತ್ತರಿ ಹಾಕಿ ಬಿಗದ,
ತಿರುವಿಗೆ ಇಷ್ಟ ಸಡಿಲ ಸಾಕು ಅಂತ
ನಾಕ ಬೆರಳ ಹಿಡದ.
ರೊಕ್ಕ ಇಸಗೊಳ್ಳಲಿಲ್ಲ;
ಬೈದದ್ದ ಬಾಳ.

ಇವತ್ತ ಮತ್ತ ಅದ ರಸ್ತೆ, ಅದ ಕತ್ತಲಿ.
ಹಾಡ ಹಚ್ಚಿಲ್ಲ. ಸಪ್ಪಳ ಕೇಳಾಕತ್ತೀನಿ.
ಕಿಡಿ ಯಾಕ ಬರವಲ್ಲವು, ಅಂತಾನ ಹುಡುಗ.
ಕೊಯ್ದ ಕೊಂಡಿ ಎರಡೂ ನನ್ನ ಕಿಸೆದಾಗ ಅದಾವ,
ಗೇರ್ ಹಾಕಿದಾಗೊಮ್ಮೆ ತೊಡಿಗೆ ಚುಚ್ಚತಾವ.
ಆಕಿ ಹೊಲ ಬಂತಂದ್ರ
ಗಾಡಿ ಸಾವಕಾಶ ಮಾಡತೀನಿ.
ನಿಲ್ಲಸೂದಿಲ್ಲ,
ಇನ್ನೂ.