ಎರಡು ಟೇಪು

ತೂಕ ನನ್ನ ಕೆಲಸ, ಎತ್ತರವಲ್ಲ.
ದಾಲ್ ಮಿಲ್ಲಿನ ಕಾಟಾದ ಮುಂದೆ ಹನ್ನೊಂದು ವರ್ಷ:
ತೊಗರಿ ಚೀಲ ಏರಿಸು, ಮುಳ್ಳು ನಿಲ್ಲಲಿ, ಬರೆ, ಇಳಿಸು.
ಹುಬ್ಬಿನ ಮೇಲೆ ಹೊಟ್ಟಿನ ಧೂಳು ಹೊತ್ತು ಮನೆಗೆ ಬಂದರೆ
ದಾನೇಶ್ವರಿ ಕೇಳುತ್ತಾಳೆ,
"ಅಪ್ಪಾ, ಇವತ್ತ ನಾ ಎಷ್ಟ್ ದೊಡ್ಡಾಕಿ ಆಗೀನಿ?"

ಬ್ರಹ್ಮಪುರದ ಹಳೆ ಮನೆಯಲ್ಲಿ ಬಾಗಿಲ ಚೌಕಟ್ಟಿತ್ತು.
ಪೆನ್ಸಿಲ್ಲಿನ ಐದು ಗೆರೆ, ಪಕ್ಕದಲ್ಲಿ ತಾರೀಖು,
ಒಂದರ ಪಕ್ಕ ಮಾತ್ರ "ಜ್ವರ ಬಿಟ್ಟ ಮೇಲೆ".
ಮನೆ ಬಿಟ್ಟ ದಿನ ಮಂಚ, ಪಾತ್ರೆ, ಹೊಲಿಗೆ ಮಷೀನು,
ತೂತು ಬಿದ್ದ ಹಂಡೆ ಕೂಡ ಟಂಟಂ ಏರಿತು.
ಚೌಕಟ್ಟು ಮಾಲಕರದು.
ಜಗದೇವಿ ತನ್ನ ಟೇಪು ಹಿಡಿದು, ಮೊಣಕಾಲೂರಿ,
ಐದೂ ಗೆರೆ ಅಳೆದು ಹಾಲಿನ ವಹಿಯ ಹಿಂದೆ ಬರೆದುಕೊಂಡಳು.

ಹೊಸ ಮನೆಯ ಕರಾರು: ಗೋಡೆಗೆ ಮೊಳೆ ಹೊಡೆಯುವಂತಿಲ್ಲ,
ಬಾಗಿಲಿಗೆ ಬಣ್ಣ ಹೊಸದು.
ಹಾಗಾಗಿ ಹಲಗೆ.

ಸಾಗವಾನಿಯ ದರ ಕೇಳಿ ಸುಮ್ಮನಾದೆ.
ಮೋನಪ್ಪ ಬಡಿಗೇರ ಮೂಲೆಯಿಂದ ಬೇವಿನ ಪಟ್ಟಿಯೊಂದನ್ನು ಎಳೆದ,
ಯಾರದೋ ಮಂಚದ್ದು, ಎರಡು ತೂತು ಹಾಗೇ ಇದ್ದವು.
"ಬೇವಿಗಿ ಹುಳ ಹತ್ತಲ್ಲ, ತಗೋರಿ.
ಹುಡುಗಿ ಅಂತೀರಿ, ಐದೂವರಿಗಿ ಕೊಯ್ದು ಕೊಡ್ಲೇನು?"
"ಇದ್ದಷ್ಟು ಇರ್ಲಿ ಬಿಡಪ್ಪ, ಕೊಯ್ಯಬ್ಯಾಡ."

ರವಿವಾರ. ಬಿಸಿಲಿಗೆ ರಜೆ ಇರಲಿಲ್ಲ.
ಮೋನಪ್ಪನ ರಂದಾ ಸಂಜೆಯೊಳಗೆ ಮರಳಿಸಬೇಕು.
ಛತ್ತಿನ ಮೇಲೆ ಕೂತು ಉಜ್ಜಿದೆ.
ಸುರುಳಿ ಸುರುಳಿ ಸಿಪ್ಪೆ ಎದ್ದಂತೆ ದಾನಿ
ಕಿವಿಗೆ ತೂಗಿಸಿ, ಬೆರಳಿಗೆ ಉಂಗುರ ಮಾಡಿ,
ಒಂದನ್ನು ನೆಕ್ಕಿ ಥೂ ಅಂದಳು. ಕಹಿ.
ಅಗಸೆ ಎಣ್ಣೆ ಹಚ್ಚಿದೆ. ಒಂದು ತೂತು ಮುಚ್ಚಿದೆ.
ಇನ್ನೊಂದು ಇರಲಿ ಅಂದಳು, ಹಣಿಕಿ ನೋಡಲಿಕ್ಕೆ.

ಇಂಚು ಗುರುತು ಹಾಕುವಾಗ ಬಂತು ತಕರಾರು.
ಅಂಗಡಿಯ ಹೊಸ ಉಕ್ಕಿನ ಟೇಪು
ಮೂರು ಫೂಟು ಅಂದ ಜಾಗದಲ್ಲಿ
ಜಗದೇವಿಯ ಟೇಪು ಮೂವತ್ತೈದೂವರೆ ಇಂಚು ಅಂದಿತು.
ಎರಡು ಸಲ ಹಿಡಿದೆ. ಉಸಿರು ಬಿಗಿಹಿಡಿದು ಮೂರನೇ ಸಲ.
ಹದಿನಾಲ್ಕು ವರ್ಷ ಅವಳ ಕೊರಳಲ್ಲಿ ತೂಗಿ,
ಬೆವರು ಕುಡಿದು, ಎಳೆಸಿಕೊಂಡು, ಸುತ್ತಿಸಿಕೊಂಡು
ಮೆಲ್ಲಗೆ ಹಿಗ್ಗಿ ಕೂತಿತ್ತು ಅದು.

ಅಂಗನವಾಡಿ ಟೀಚರು ಕಾರ್ಡಿನ ಹಳದಿಗೆ ಬೆರಳಿಟ್ಟು
"ಜರಾ ಗಿಡ್ಡ ಅದ" ಅಂದ ದಿನ
ಮನೆಗೆ ಬಂದು ಮತ್ತೆ ಇದೇ ಟೇಪು ಹಿಡಿದಿದ್ದೆವು.
ಇಬ್ಬರೂ ಉಣ್ಣದೆ ಮಲಗಿದ್ದೆವು.
ಅದರಲ್ಲಿ ಅರ್ಧ ಇಂಚು ಇದರದೇ.

ಕಾಟಾದವನ ಬಾಯಿ ಸುಮ್ಮನಿರಲಿಲ್ಲ:
"ವರ್ಷಕ್ಕೊಮ್ಮಿ ಸರಕಾರಿ ಮುದ್ರಿ ಹಾಕಸ್ತೀವಿ ನಾವು.
ನಿನ್ನ ಟೇಪಿಗಿ ಯಾರ್ ಹಾಕ್ಯಾರ?"
ಅವಳು ಹಲ್ಲಲ್ಲಿ ಹಿಡಿದ ದಾರ ಕಡಿದಳು.
"ಇದರಾಗೇ ಓಣಿ ತುಂಬ ಜಂಪರ್ ಹೊಲದೀನಿ.
ರಜಿಯಾನ ನಿಕಾಹದ್ದು, ಡಾಕ್ಟರ್ ಅಕ್ಕೋರದು,
ಯಾವುದು ಬಿಗಿ ಆಯ್ತು ಹೇಳ್ರಿ?
ಮಂದಿ ಮೈಗಿ ಖರೇ ಆಗಿದ್ದು ಮಗಳಿಗಿ ಸುಳ್ಳ ಆಗ್ತದೇನ್ರಿ?"

ತೂಗಿ ನೋಡಿದೆ. ಮುಳ್ಳು ಅತ್ತಿತ್ತ ಆಡಿತು, ನಿಲ್ಲಲಿಲ್ಲ.

ಬಲಗಡೆ ಉಕ್ಕಿನ ಲೆಕ್ಕ, ಉಳಿಯಿಂದ ಕೊರೆದು ಮಸಿ ತುಂಬಿದೆ.
ಎಡಗಡೆ ಅವಳದು,
ದಬ್ಬಳ ಕಾಯಿಸಿ ಅವಳೇ ಸುಟ್ಟು ಬರೆದದ್ದು, ಹೊಲಿಗೆಯಷ್ಟು ಸಣ್ಣಗೆ.
ಬುಡದಲ್ಲಿ ಎರಡೂ ಒಂದೇ.
ಮೇಲೇರಿದಂತೆ ದೂರವಾಗುತ್ತಾ ಆರು ಫೂಟಿಗೆ ಒಂದು ಇಂಚು.
ವಹಿ ತೆರೆದು ಹಳೆಯ ಐದೂ ಗೆರೆಗಳನ್ನು
ಎಡದಿಂದ ಹಿಡಿದು ಬಲಕ್ಕೆ ಎಳೆದೆ.
"ಜ್ವರ ಬಿಟ್ಟ ಮೇಲೆ" ಅನ್ನೂ ಬಿಡಲಿಲ್ಲ.

ಶಹಾಬಾದಿ ಕಲ್ಲಿನ ನೆಲಕ್ಕೆ ಬುಡ ಊರಿ
ಜೋಳದ ಡಬ್ಬಿ ಒತ್ತಿಟ್ಟು ನಿಲ್ಲಿಸಿದೆವು.
ದಾನಿ ಬೆನ್ನು ಹಚ್ಚಿದಳು. ಹಿಮ್ಮಡಿ ಎತ್ತಿದಳು.
ಗದರಿದೆ, ಇಳಿಸಿದಳು.
ಮತ್ತೆ ಎತ್ತಿದಳು.

ಮರುದಿನ ಲಾರಿ ತಡವಾಗಿ ತುಂಬಿತು. ಬಂದಾಗ ಹನ್ನೊಂದು.
ಮಗಳು ಮಲಗಿದ್ದಳು, ಬಲ್ಬು ಒಂದೇ ಉರಿಯುತ್ತಿತ್ತು.
ಹಲಗೆಗೆ ಬೆನ್ನು ಕೊಟ್ಟು ಜಗದೇವಿ,
ತಲೆಯ ಮೇಲೆ ಹಾಲಿನ ವಹಿ ಅಡ್ಡ ಹಿಡಿದು,
ತಿರುಗಿ ನೋಡಹೋದರೆ ವಹಿ ಜಾರಿ,
ಮತ್ತೆ ನಿಂತು, ಮತ್ತೆ ಜಾರಿ.
ನನ್ನನ್ನು ಕಂಡು ನಾಚಿದಳು. ಸರಿಯಲಿಲ್ಲ.

ಅವಳ ಕಿವಿಯ ಹಿಂದಿದ್ದ ಪೆನ್ಸಿಲ್ಲು ತಗೊಂಡು ಗೆರೆ ಎಳೆದೆ.
"ಎಷ್ಟದ?" ಅಂದಳು.
"ಯಾವ ಕಡಿಂದು ಹೇಳ್ಲಿ?"