ಉಪ್ಪಿನ ಹಾಳೆ

ಬೆಲ್ಮಿರೊ ಕ್ಯಾಮೆರಾ ಮುಟ್ಟಗೊಡಲಿಲ್ಲ.
ಪಾಸ್‌ಪೋರ್ಟ್ ಫೋಟೊದ ಅಂಗಡಿ ಮುಚ್ಚಿದ ಮೇಲೂ
ಟೈ ಕಟ್ಟುವ ಮನುಷ್ಯ. ಡ್ರಾಯರಿನಿಂದ ತೆಗೆದು ಕೊಟ್ಟರು
ಹಾಳಾದ ಒಂದು ಫಿಲ್ಮು. ಅಂಗೈಯಗಲ, ಐದಂಗುಲಕ್ಕೆ ನಾಲ್ಕು.
"ಕಣ್ಣು ಮುಚ್ಚು. ಮೂಲೆ ಹುಡುಕು."
ಅಂಚಿನಲ್ಲಿ ಇಲಿ ಕಡಿದಂಥ ಮೂರು ಕಚ್ಚು.
ಬಲಗೈ ತೋರುಬೆರಳಿಗೆ ಅವು ತಾಕಿದರೆ
ಬೆಳಕು ಕುಡಿಯುವ ಮೈ ನನ್ನ ಕಡೆಗಿದೆ ಎಂದರ್ಥ.

ಒಂದು ವಾರ ಇದೇ ಪಾಠ.
ಬೇಕರಿಯಲ್ಲಿ ಬ್ರೆಡ್ಡು ಬೇಯುವ ತನಕ ಏಪ್ರನ್ನಿನ ಕೆಳಗೆ ಕೈ,
ಹೋಲ್ಡರಿನ ಸಂದಿಗೆ ಹಾಳೆ ತೂರಿಸುವುದು, ತೆಗೆಯುವುದು, ತೂರಿಸುವುದು.
ಗಿರಾಕಿಗಳು ಏನೆಂದುಕೊಂಡರೋ.

ಆಮೇಲೆ ನಿಜವಾದ ಕತ್ತಲೆ.
ಅಮ್ಮನ ಬಚ್ಚಲುಮನೆ, ಬಾಗಿಲಡಿಗೆ ಟವೆಲು,
ಕೀಲಿಕಂಡಿಗೆ ಅಂಗಡಿಯಿಂದ ತಂದ ಹಿಟ್ಟಿನ ಉಂಡೆ.
ಐದು ನಿಮಿಷ ಸುಮ್ಮನೆ ಕೂತೆ,
ಎಲ್ಲಾದರೂ ಬೆಳಕು ಅವಿತಿದ್ದರೆ ಸಿಕ್ಕಿಬೀಳಲೆಂದು.
ಬಿತ್ತು. ವಾಷಿಂಗ್ ಮಷೀನಿನ ಕೆಂಪು ಚುಕ್ಕೆ.
ಅದಕ್ಕೊಂದು ಕಾಲುಚೀಲ ತೊಡಿಸಿದೆ.

ಆವೇರೊ ಊರಾಚೆ, ಆಗಸ್ಟಿನ ಬೆಳಿಗ್ಗೆ, ಉಪ್ಪಿನಾಗರ.
ಬೆನ್ನಿಗೆ ಮರದ ಪೆಟ್ಟಿಗೆ, ಹೆಗಲಿಗೆ ಮುಕ್ಕಾಲಿ,
ಆರು ಹಾಳೆ. ಆರೇ.
ಅದೆರಿಟೊ ಬರಿಗಾಲಲ್ಲಿ, ಉದ್ದ ಹಿಡಿಯ ಗೋರುಮಣೆಯಲ್ಲಿ
ಮಡಿಯ ಉಪ್ಪನ್ನು ಅಂಚಿಗೆ ಬಾಚುತ್ತಿದ್ದರು.
ತಿದಿ ಎಳೆದೆ. ಗಾಳಿ ಅದಕ್ಕೇ ಕಾಯುತ್ತಿತ್ತು.
ಕಪ್ಪು ಬಟ್ಟೆಯೊಳಗೆ ತಲೆ ಹೊಗಿಸಿದರೆ
ಮಸುಕು ಗಾಜಿನಲ್ಲಿ
ಆಕಾಶ ಕೆಳಗೆ,
ಉಪ್ಪಿನ ಗುಡ್ಡೆಗಳು ಬಿಳಿ ಬಾವಲಿಗಳ ಹಾಗೆ ಜೋತು,
ಎಡಕ್ಕೆ ಹೊರಟ ಅದೆರಿಟೊ ಬಲಕ್ಕೆ
ತಲೆಕೆಳಗಾಗಿ ನಡೆಯುತ್ತಿದ್ದರು.
ಟೋಪಿ ಬೀಳಲಿಲ್ಲ.

ಎಷ್ಟು ಹೊತ್ತು ನೋಡಿದೆನೋ,
ಹೊರಗಿಂದ ದನಿ: "ಹುಡುಗೀ, ಒಳಗೆ ಉಸಿರಾಡುತ್ತಿದ್ದೀಯಾ?"

ಮೊದಲ ಹಾಳೆ: ಲೆನ್ಸು ಮುಚ್ಚದೆ ಹೋಲ್ಡರಿನ ಹಲಗೆ ಎಳೆದೆ.
ಎರಡನೆಯದಕ್ಕೆ ಲೆನ್ಸು ಮುಚ್ಚಿದೆ, ಹಲಗೆ ಎಳೆಯಲು ಮರೆತೆ.
ಮೂರನೆಯದರ ಹೊತ್ತಿಗೆ ಮೋಡ, ಆದರೂ ತೆಗೆದೆ, ಹಟಕ್ಕೆ.
ನಾಲ್ಕನೆಯದರಲ್ಲಿ ಮುಕ್ಕಾಲಿಯ ಒಂದು ಕಾಲು
ಯಾರಿಗೂ ಹೇಳದೆ ಕೆಸರಿಗಿಳಿಯಿತು.
ಐದನೆಯದಕ್ಕೆ ಅವರು ಕೇಳಿದರು, ಎಷ್ಟು ಹೊತ್ತು ನಿಲ್ಲಬೇಕು?
ಒಂದು ಸೆಕೆಂಡು.
"ಕಡಲು ಹರಳಾಗುವ ತನಕ ಕಾಯುವವನಿಗೆ ಒಂದು ಸೆಕೆಂಡೇ!"
ನಕ್ಕರು,
ಸರಿಯಾಗಿ ಆ ಸೆಕೆಂಡಿನಲ್ಲಿ ಸೀನಿದರು.

ಉಳಿದದ್ದು ಒಂದು.
ಲೆನ್ಸು ಮುಚ್ಚಿದ್ದೇನೆಯೇ, ಮುಚ್ಚಿದ್ದೇನೆ.
ಹಲಗೆ ಎಳೆದಿದ್ದೇನೆಯೇ, ಇಗೋ, ಬಾಯಲ್ಲಿ ಕಚ್ಚಿಕೊಂಡಿದ್ದೇನೆ.
ಅವರು ಹಿಡಿಯ ಮೇಲೆ ಎರಡೂ ಕೈಯಿಟ್ಟು
ನನ್ನನ್ನು ದಾಟಿ ಏನನ್ನೋ ನೋಡಿದರು.
ಪುಟ್ಟ ಗಡಿಯಾರವೊಂದು ಗಂಟಲು ಸರಿಮಾಡಿಕೊಂಡಂಥ ಸದ್ದು.
ಅಷ್ಟೇ.

ತೊಳೆಯುವಾಗ ಬೆಲ್ಮಿರೊ ಹಿಂದೆಯೇ ನಿಂತಿದ್ದರು.
ಫಿಲ್ಮಿನ ಮೈಗೆ ಬಳಿದದ್ದು ಬೆಳ್ಳಿಯ ಉಪ್ಪು, ಅಂದರು.
ಬೆಳಕು ತಾಕಿದ್ದು ಕಪ್ಪಾಗಿ ನಿಲ್ಲುತ್ತದೆ,
ತಾಕದ್ದನ್ನು ಹೈಪೊ ಬಿಡಿಸುತ್ತದೆ,
ಆಮೇಲೆ ನೀರು, ಮತ್ತೆ ನೀರು, ಅರ್ಧ ಗಂಟೆ.
ಉಪ್ಪು ತಿಂದದ್ದು ನೀರು ಕುಡಿಯಲೇಬೇಕು.
ನಲ್ಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಅರ್ಧ ಗಂಟೆ ಕುಡಿಸಿದೆ,
ಇನ್ನೂ ಹತ್ತು ನಿಮಿಷ, ಭಯಕ್ಕೆ.

ಒಣಗಿದ ಮೇಲೆ ಆಗರಕ್ಕೆ ಒಯ್ದೆ.
ಅದೆರಿಟೊ ಹಾಳೆಯನ್ನು ಬಿಸಿಲಿಗೆ ಹಿಡಿದರು.
"ಮೀಸೆ ಕಪ್ಪಾಗಿದೆ. ಅದು ಇರಲಿ.
ನನ್ನ ಉಪ್ಪು ಇದ್ದಲಾಗಿದೆಯಲ್ಲ,
ಇದಕ್ಕೆ ಯಾರು ಕಾಸು ಕೊಡುತ್ತಾರೆ?"
ಇದೂ ಉಪ್ಪಿನದೇ, ಎಂದೆ.
ನನ್ನನ್ನೊಮ್ಮೆ ನೋಡಿದರು. ಹಾಳೆಯನ್ನೊಮ್ಮೆ.
ಆಮೇಲೆ ಅಂಚಿನ ಆ ಮೂರು ಕಚ್ಚಿನ ಮೇಲೆ
ಕಣ್ಣು ಮುಚ್ಚಿ
ನಾಲಿಗೆಯ ತುದಿ ಇಟ್ಟರು.

"ಸಪ್ಪೆ," ಅಂದರು.
"ಚೆನ್ನಾಗಿ ತೊಳೆದಿದ್ದೀಯ."